ಬೀಳೋದಾ, ಹೋಗೋದಾ? ಎಳ್ಳಮಾವಾಸ್ಯೆ ಮತ್ತು ಹೊರಗಿನ ಧೂಮಕೇತು: ಕುಷ್ಟಗಿ ತಾಲ್ಲೂಕಿನ ಒಂದು ಪ್ರಕರಣ

ಇದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2025ರ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ನಡೆದದ್ದು. ಸೌರವ್ಯೂಹದ ಹೊರಗಿನಿಂದ ಬಂದ 3ಐ/ಅಟ್ಲಾಸ್ ಎಂಬ ಧೂಮಕೇತು ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ ಬರುವುದಿತ್ತು. ಅದೇ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೂಜೆ ಮಾಡಿ, ಬೆಳೆಗೆ ಚರಗ (ನೈವೇದ್ಯದ ಅಡಿಗೆ) ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಎರಡೂ ಒಂದೇ ದಿನ ಬಂದದ್ದೇ ತಡ, ಊರಲ್ಲಿ ಹೆದರಿಕೆ ಹುಟ್ಟಿತು.

ನಾನು ಆ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೆದರಿಕೆ ಹೇಗೆ ಬಂತು, ಮಕ್ಕಳು ಅದನ್ನು ಲೆಕ್ಕ ಹಾಕಿ ಹೇಗೆ ಎದುರಿಸಿದರು ಅನ್ನೋದನ್ನು ಬೇರೆ ಶಿಕ್ಷಕರಿಗೆ ಉಪಯೋಗ ಆಗಲಿ ಅಂತ ಬರೆದಿಡುತ್ತಿದ್ದೇನೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ.

ಸುದ್ದಿ ಬಂದ ದಾರಿ

ದೀಪಾವಳಿ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ವಿಡಿಯೋಗಳು ಶುರುವಾದವು. ಮೊದಲಿಗೆ ಹಿಂದಿ, ತೆಲುಗಿನವು. ನಂತರ ಕನ್ನಡದ ಧ್ವನಿ ಕೂಡಿಸಿದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು. ಆಕಾಶದಿಂದ ಏನೋ ಬರುತ್ತಿದೆ, ಅದು ಕಲ್ಲಲ್ಲ, ಏಲಿಯನ್‌ಗಳ ನೌಕೆ, ಅದರಿಂದ ರೇಡಿಯೋ ಸಂದೇಶ ಬಂದಿದೆ, ನಾಸಾ ಫೋಟೋ ಮುಚ್ಚಿಟ್ಟಿದೆ.

ಇವುಗಳಲ್ಲಿ ಒಂದೂ ಪೂರ್ತಿ ಶೂನ್ಯದಿಂದ ಹುಟ್ಟಿದ್ದಲ್ಲ ಅನ್ನೋದನ್ನು ಗಮನಿಸಬೇಕು. ಫೋಟೋ ತಡವಾದದ್ದು ನಿಜ. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಮೆರಿಕದ ಸರ್ಕಾರಿ ಕಚೇರಿಗಳು ಬಜೆಟ್ ಜಗಳದಿಂದ ಬಂದ್ ಆಗಿದ್ದವು. ಮಂಗಳನ ಸುತ್ತ ತಿರುಗುವ ನಾಸಾ ನೌಕೆ ಅಕ್ಟೋಬರ್ ಮೊದಲ ವಾರದಲ್ಲೇ ಚಿತ್ರ ತೆಗೆದಿತ್ತು, ಆದರೆ ಅದು ಹೊರಬಂದದ್ದು ನವೆಂಬರ್ 19ಕ್ಕೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಗೆ ಆ ತೊಂದರೆ ಇರಲಿಲ್ಲ. ಮಂಗಳನ ಬಳಿಯೇ ಇರುವ ತನ್ನ ನೌಕೆಯ ಚಿತ್ರವನ್ನು ಅದು ಅಕ್ಟೋಬರ್‌ನಲ್ಲೇ ಹೊರಬಿಟ್ಟಿತ್ತು. ವಿಡಿಯೋ ಮಾಡಿದವರು ಅದನ್ನು ಹೇಳಲಿಲ್ಲ.

ರೇಡಿಯೋ ವಿಷಯವೂ ಹಾಗೇ. ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ರೇಡಿಯೋ ದೂರದರ್ಶಕ ಅಕ್ಟೋಬರ್ 24ರಂದು ಈ ಧೂಮಕೇತುವಿನಲ್ಲಿ ಹೈಡ್ರಾಕ್ಸಿಲ್‌ನ ಗುರುತನ್ನು ಹಿಡಿಯಿತು. ನೀರಿನ ಅಣು ಬಿಸಿಲಿಗೆ ಒಡೆದಾಗ ಸಿಗುವ ತುಣುಕು ಅದು. 1665 ಮತ್ತು 1667 ಮೆಗಾಹರ್ಟ್ಸ್‌ನಲ್ಲಿ ಅದು ರೇಡಿಯೋ ಅಲೆಗಳನ್ನು ಹೀರಿಕೊಂಡಿತ್ತು. ಧೂಮಕೇತುವಿನಲ್ಲಿ ಮಂಜುಗಡ್ಡೆ ಇದೆ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ‘ರೇಡಿಯೋದಲ್ಲಿ ಸಿಕ್ಕಿದೆ’ ಅನ್ನುವ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತಾ ‘ರೇಡಿಯೋ ಸಂದೇಶ ಬಂದಿದೆ’ ಆಯಿತು.

ಇನ್ನೊಂದು ಗೊಂದಲ ಹೆಸರಿನದು. ಅಟ್ಲಾಸ್ ಅನ್ನೋದು ಭೂಮಿಗೆ ಅಪ್ಪಳಿಸಬಹುದಾದ ಕಾಯಗಳನ್ನು ಹುಡುಕುವ ದೂರದರ್ಶಕಗಳ ಜಾಲ. ಅದು ಹುಡುಕಿದ ಧೂಮಕೇತುಗಳಿಗೆಲ್ಲ ಅದೇ ಹೆಸರು. ಅದೇ ವರ್ಷ ಅದು ಸಿ/2025 ಕೆ1 ಅನ್ನುವ ಬೇರೊಂದು ಧೂಮಕೇತುವನ್ನೂ ಹುಡುಕಿತ್ತು. ಅದು ನಮ್ಮ ಸೌರವ್ಯೂಹದ್ದೇ. ನವೆಂಬರ್‌ನಲ್ಲಿ ಅದು ತುಂಡು ತುಂಡಾಯಿತು. ಆ ಚಿತ್ರಗಳನ್ನು ತೋರಿಸಿ ‘ಅಟ್ಲಾಸ್ ಒಡೆದು ಚೂರುಗಳು ಭೂಮಿ ಕಡೆ ಬರ್ತಿವೆ’ ಅಂದರು. ಆ ವಿಡಿಯೋ ನಮ್ಮ ಶಾಲೆಯ ಪಾಲಕರ ಗುಂಪಿಗೂ ಬಂತು.

ಊರಲ್ಲಿ ಆದದ್ದು

ನವೆಂಬರ್ ಕೊನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ನಿಂತಳು. “ಸರ್, ನಮ್ಮಜ್ಜ ಈ ಸಲ ಚರಗಕ್ಕ ಹೋಗೂದು ಬ್ಯಾಡ ಅಂತಾನ್ರಿ. ಅಮಾಸಿ ದಿನ ಅದು ಬರ್ತೈತಂತ. ಖರೆ ಏನ್ರಿ?” ಅಂದಳು. ಯಾರೂ ನಗಲಿಲ್ಲ. ಇನ್ನೂ ನಾಲ್ಕಾರು ಮನೆಗಳಲ್ಲಿ ಅದೇ ಮಾತು ನಡೆದಿತ್ತು ಅಂತ ಆಗ ಗೊತ್ತಾಯಿತು. ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಬಾರದು, ಬಯಲಲ್ಲಿ ಉಣ್ಣಬಾರದು, ಹೀಗೆ. ಅಮಾವಾಸ್ಯೆ ಅಂದರೆ ಮೊದಲೇ ಒಂದು ಅಳುಕು ಇರುತ್ತದೆ. ಅದರ ಮೇಲೆ ಇದು.

ಒಬ್ಬ ಹಿರಿಯ ಪಾಲಕರು ‘ನಾಸಾದವರೇ ಇಲ್ಲ ಅಂದಿದಾರಲ್ಲ’ ಅಂತ ಗುಂಪಿನಲ್ಲಿ ಬರೆದಿದ್ದರು. ಕೂಡಲೇ ಉತ್ತರ ಬಂತು: ‘ಅವರೇ ಮುಚ್ಚಿಡ್ತಿರೋದು.’ ಮುಚ್ಚಿಟ್ಟಿದ್ದಾರೆ ಅಂತ ನಂಬಿದವರ ಮುಂದೆ ಅವರದೇ ಹೇಳಿಕೆ ಹಿಡಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಯಾರ ಮಾತನ್ನೂ ನಂಬಬೇಕಿಲ್ಲದ ದಾರಿ ಬೇಕಿತ್ತು. ಮಕ್ಕಳು ತಾವೇ ಹಾಕಬಹುದಾದ ಲೆಕ್ಕ ಬೇಕಿತ್ತು.

ಅಜ್ಜನ ಪ್ರಶ್ನೆ

ಲೆಕ್ಕಕ್ಕೆ ಹೋಗುವ ಮೊದಲು ಆ ಹುಡುಗಿಯ ಅಜ್ಜನ ವಿಷಯ ಹೇಳಬೇಕು. ಇಡೀ ಪ್ರಕರಣಕ್ಕೆ ದಿಕ್ಕು ಕೊಟ್ಟವರು ಅವರೇ. ಎಪ್ಪತ್ತು ದಾಟಿದ ರೈತರು. ನಾನು ಅವರ ಮನೆಗೆ ಹೋಗಿ ಮಾತಾಡಿಸಿದೆ. ಅವರು ಏಲಿಯನ್ ಕಥೆ ನಂಬಿರಲಿಲ್ಲ. ಅವರ ತಲೆಯಲ್ಲಿ ಇದ್ದದ್ದು 1979.

ಆ ವರ್ಷ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಅನ್ನುವ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳುವುದಿತ್ತು. ಎಲ್ಲಿ ಬೀಳುತ್ತದೆ ಅಂತ ಮುಂಚೆ ಹೇಳಲು ಯಾರಿಂದಲೂ ಆಗಿರಲಿಲ್ಲ. ರೇಡಿಯೋದಲ್ಲಿ ದಿನವೂ ಸುದ್ದಿ. ಊರಲ್ಲಿ ಕೆಲವರು ಹೇಗೂ ಸಾಯೋದೇ ಅಂತ ಕುರಿ, ಕೋಳಿ ಕೊಯ್ದು ತಿಂದು ಮುಗಿಸಿದರಂತೆ. ಬಿತ್ತನೆಗೆ ಇಟ್ಟಿದ್ದ ಕಾಳು ಮಾರಿದವರೂ ಇದ್ದರಂತೆ. ಜುಲೈ 11ರಂದು ಅದು ಬಿತ್ತು. ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಚೂರುಗಳು ಬಿದ್ದವು. “ಆಗೂ ಸುಳ್ಳು ಅಂದ್ರು. ಬೀಳಲಿಲ್ಲೇನು? ನಮ್ಮ ಊರಾಗ ಬೀಳಲಿಲ್ಲ, ಅಷ್ಟ” ಅಂದರು ಅಜ್ಜ.

ಅವರು ಹೇಳಿದ್ದು ಸರಿಯಾಗೇ ಇತ್ತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದ್ದರೆ ಅನ್ಯಾಯ ಆಗುತ್ತಿತ್ತು. 1997ರ ಹೇಲ್-ಬಾಪ್ ಧೂಮಕೇತುವನ್ನೂ ಅವರು ನೋಡಿದ್ದರು. ಸಂಜೆ ಹೊತ್ತು ಪಡುವಣದಲ್ಲಿ ಬಾಲದ ಚುಕ್ಕಿ ಬರಿಗಣ್ಣಿಗೇ ಕಾಣುತ್ತಿತ್ತು, ತಿಂಗಳುಗಟ್ಟಲೆ. ಅದಕ್ಕೆ ಅವರು ಹೆದರಿರಲಿಲ್ಲ. ಕೊನೆಗೆ ನನ್ನನ್ನು ಒಂದೇ ಮಾತು ಕೇಳಿದರು. “ಇದು ಸ್ಕೈಲ್ಯಾಬ್‌ನಂಗ ಬೀಳೂದೋ, ಚುಕ್ಕಿಯಂಗ ಹೋಗೂದೋ? ಅಷ್ಟ ಹೇಳ್ರಿ ಸರ್.”

ಖಗೋಳ ವಿಜ್ಞಾನಿಗಳೂ ಹೊಸ ಕಾಯ ಕಂಡಾಗ ಮೊದಲು ಕೇಳೋದು ಇದನ್ನೇ. ಇದು ಸೂರ್ಯನಿಗೆ ಕಟ್ಟುಬಿದ್ದದ್ದಾ, ಅಲ್ಲವಾ? ಮರುದಿನ ಅಜ್ಜನ ಪ್ರಶ್ನೆಯನ್ನು ಹಾಗೇ ಬೋರ್ಡಿನ ಮೇಲೆ ಬರೆದೆ.

42 ಕಿಲೋಮೀಟರ್‌ನ ಲೆಕ್ಕ

ಒಂಬತ್ತನೇ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಇದೆ. ವಿಮೋಚನಾ ವೇಗ, ಅಂದರೆ ಒಂದು ಕಾಯದ ಸೆಳೆತದಿಂದ ಬಿಡಿಸಿಕೊಂಡು ಹೋಗಲು ಬೇಕಾದ ವೇಗ, ಮುಂದೆ ಪಿಯುಸಿಯಲ್ಲಿ ಬರುತ್ತದೆ. ಆದರೆ ಅದರ ಲೆಕ್ಕಕ್ಕೆ ವರ್ಗಮೂಲ ಗೊತ್ತಿದ್ದರೆ ಸಾಕು.

ಮೊದಲು ಭೂಮಿಯ ವೇಗ. ಸೂರ್ಯನಿಂದ ನಮಗೆ 15 ಕೋಟಿ ಕಿ.ಮೀ. ಆ ಅಳತೆಯ ವೃತ್ತದ ಸುತ್ತಳತೆ ಸುಮಾರು 94 ಕೋಟಿ ಕಿ.ಮೀ. ಒಂದು ವರ್ಷಕ್ಕೆ 3 ಕೋಟಿ 15 ಲಕ್ಷ ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 30 ಕಿ.ಮೀ. ಇದನ್ನು ಮಕ್ಕಳು ಕ್ಯಾಲ್ಕುಲೇಟರ್ ಇಲ್ಲದೆ ಮಾಡಿದರು. ನಾವು ಕೂತ ಬೆಂಚು ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ ಅಂದಾಗ ತರಗತಿಯಲ್ಲಿ ಒಂದು ಗದ್ದಲವೇ ಎದ್ದಿತು.

ಮುಂದಿನ ಹೆಜ್ಜೆಗೆ ಒಂದೇ ನಿಯಮ. ಯಾವುದೇ ಕಾಯ ತಾನಿರುವ ದೂರದಲ್ಲಿ ಸೂರ್ಯನನ್ನು ವೃತ್ತವಾಗಿ ಸುತ್ತಲು ಬೇಕಾದ ವೇಗಕ್ಕಿಂತ 1.414 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು ಪಟ್ಟು ವೇಗ ಪಡೆದರೆ ಸೂರ್ಯ ಅದನ್ನು ಹಿಡಿದಿಡಲಾರ. ಭೂಮಿಯ ದೂರದಲ್ಲಿ ಆ ಮಿತಿ ಸೆಕೆಂಡಿಗೆ 42 ಕಿ.ಮೀ. ದೂರ ಹೆಚ್ಚಾದಂತೆ ಮಿತಿ ಕಡಿಮೆಯಾಗುತ್ತದೆ. ದೂರ ನಾಲ್ಕು ಪಟ್ಟಾದರೆ ಮಿತಿ ಅರ್ಧ.

ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕ 2025ರ ಜುಲೈ 1ರಂದು ಈ ಕಾಯವನ್ನು ಕಂಡಾಗ ಅದು ಸೂರ್ಯನಿಂದ ಭೂಮಿಗಿರುವ ದೂರದ ನಾಲ್ಕೂವರೆ ಪಟ್ಟು ಆಚೆ ಇತ್ತು. ನಾಲ್ಕೂವರೆಯ ವರ್ಗಮೂಲ 2.12. 42ನ್ನು 2.12ರಿಂದ ಭಾಗಿಸಿದರೆ 19.8. ಅಂದರೆ ಅಷ್ಟು ದೂರದಲ್ಲಿ ಸೂರ್ಯನ ಮನೆಯ ಕಾಯ ಸೆಕೆಂಡಿಗೆ 20 ಕಿ.ಮೀ.ಗಿಂತ ಜಾಸ್ತಿ ಓಡಲು ಸಾಧ್ಯವಿಲ್ಲ. ಅಟ್ಲಾಸ್ ಓಡುತ್ತಿದ್ದದ್ದು 61 ಕಿ.ಮೀ. ವೇಗದಲ್ಲಿ.

ಮಿತಿಯ ಮೂರು ಪಟ್ಟು! ಗೆರೆಯ ಆಚೆ ಈಚೆ ಅನ್ನುವ ಅನುಮಾನಕ್ಕೆ ಜಾಗವೇ ಇಲ್ಲ. ಗಣಿತದಲ್ಲಿ ಹಿಂದೆ ಬೀಳುವ ಹುಡುಗನೊಬ್ಬ “ಹಂಗಾರ ಇದು ನಮ್ಮದಲ್ಲರಿ ಸರ್” ಅಂದ. ಆಮೇಲೆ ತಾನೇ ಮುಂದುವರಿಸಿದ. “ನಿಲ್ಲೂದೂ ಇಲ್ಲ.” ವೇಗದ ಲೆಕ್ಕ ಒಂದೇ ಏಟಿಗೆ ಎರಡೂ ಕಡೆಯ ಉತ್ತರ ಕೊಡುತ್ತದೆ. ಹೊರಗಿನಿಂದ ಬಂದಿದೆ, ಹೊರಗೇ ಹೋಗುತ್ತದೆ. ಸ್ಕೈಲ್ಯಾಬ್ ಭೂಮಿಗೆ ಕಟ್ಟುಬಿದ್ದಿತ್ತು. ಕೆಲವು ನೂರು ಕಿ.ಮೀ. ಎತ್ತರದಲ್ಲಿ ಸುತ್ತುತ್ತಿತ್ತು. ಅಲ್ಲಿಯ ತೆಳು ಗಾಳಿ ತಾಗಿ ತಾಗಿ ವೇಗ ಕಳೆದುಕೊಂಡು ಇಳಿದು ಬಂತು. ಅಟ್ಲಾಸನ್ನು ಭೂಮಿ ಹಾಗಿರಲಿ, ಸೂರ್ಯನಿಗೇ ಹಿಡಿಯಲು ಆಗಲಿಲ್ಲ.

ಆದರೆ ಜಾಣೆಯೊಬ್ಬಳು ಸುಮ್ನೆ ಕೂರಲಿಲ್ಲ. “ಜೋರಾಗಿ ಹೋಗೋದು ದಾರಿಯಲ್ಲಿ ನಮಗೆ ಹೊಡೆಯೋದಿಲ್ಲ ಅಂತ ಏನಿಲ್ಲಲ್ಲ ಸರ್?” ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಎಲ್ಲಿಯದು ಅಂತ ವೇಗ ಹೇಳುತ್ತದೆ. ನಮ್ಮ ಹತ್ತಿರ ಬರುತ್ತದಾ ಅನ್ನೋದನ್ನು ದಾರಿಯೇ ಹೇಳಬೇಕು. ಅದಕ್ಕೆ ಮೈದಾನಕ್ಕೆ ಇಳಿಯಬೇಕಾಯಿತು.

ಮೈದಾನದ ಮೇಲೆ ಸೌರವ್ಯೂಹ

ಸೂರ್ಯನಿಂದ ಭೂಮಿಗೆ ಇರುವ ದೂರವನ್ನು 10 ಮೀಟರ್ ಅಂತ ಇಟ್ಟುಕೊಂಡೆವು. ಆ ಅಳತೆಯಲ್ಲಿ ಸೂರ್ಯ 9 ಸೆಂಟಿಮೀಟರ್‌ನ ಚೆಂಡು. ಭೂಮಿ ಒಂದು ಗಸಗಸೆ ಕಾಳು. ಚಂದ್ರ ಆ ಕಾಳಿನಿಂದ ಎರಡೂವರೆ ಸೆಂಟಿಮೀಟರ್ ದೂರ. ಗುರು 52 ಮೀಟರ್ ಆಚೆ, ಅಂದರೆ ಶಾಲೆಯ ಕಾಂಪೌಂಡ್ ದಾಟಿ ಪಕ್ಕದ ಕಡಲೆ ಹೊಲದಲ್ಲಿ.

ಈ ಧೂಮಕೇತುವಿನ ದಾರಿಯಲ್ಲಿ ನಮಗೆ ಅನುಕೂಲವಾದ ಒಂದು ಗುಣ ಇತ್ತು. ಗ್ರಹಗಳು ಸುತ್ತುವ ಸಮತಲಕ್ಕೆ ಅದರ ದಾರಿ ಸುಮಾರು 5 ಡಿಗ್ರಿಯಷ್ಟೇ ಓರೆ. ಹಾಗಾಗಿ ಹೆಚ್ಚುಕಡಿಮೆ ಸರಿಯಾಗಿ ನೆಲದ ಮೇಲೇ ಬಿಡಿಸಬಹುದಿತ್ತು. ಆದರೆ ಗ್ರಹಗಳು ಸುತ್ತುವ ದಿಕ್ಕಿಗೆ ಎದುರಾಗಿ ಬಂದಿತ್ತು. ಹಾರ್ವರ್ಡ್‌ನ ಖಗೋಳ ವಿಜ್ಞಾನಿ ಆವಿ ಲೋಯೆಬ್ ಇದನ್ನು ವಿಚಿತ್ರ ಅಂತ ಎತ್ತಿ ತೋರಿಸಿ, ಇದು ಯಾರೋ ಮಾಡಿ ಕಳಿಸಿದ ವಸ್ತು ಇರಬಹುದಾ ಅಂತ ಪ್ರಶ್ನೆ ಇಟ್ಟಿದ್ದರು. ಪ್ರಶ್ನೆ ಕೇಳೋದು ತಪ್ಪಲ್ಲ. ಮಕ್ಕಳಿಗೂ ಅದನ್ನೇ ಹೇಳಿದೆ. ಆದರೆ ಆ ಪ್ರಶ್ನೆಯನ್ನು ಉತ್ತರ ಅಂತ ಹಂಚಿದವರ ಮೇಲೆ ನನಗೆ ಸಿಟ್ಟಿದೆ.

ಹಗ್ಗ ಹಿಡಿದು ದಾರಿ ಹಾಕಿದೆವು. ಅಕ್ಟೋಬರ್ 29ರಂದು ಅದು ಸೂರ್ಯನಿಗೆ ಅತಿ ಹತ್ತಿರ ಇತ್ತು, ಸೂರ್ಯನಿಂದ ಭೂಮಿಗಿರುವ ದೂರದ 1.36 ಪಟ್ಟು ದೂರದಲ್ಲಿ, ಮಂಗಳನ ಕಕ್ಷೆಗಿಂತ ಸ್ವಲ್ಪ ಒಳಗೆ. ನಮ್ಮ ಮೈದಾನದಲ್ಲಿ ಚೆಂಡಿನಿಂದ 13 ಮೀಟರ್ 60 ಸೆಂಟಿಮೀಟರ್. ಆಗ ವೇಗ ಸೆಕೆಂಡಿಗೆ 68 ಕಿ.ಮೀ. ಮೈದಾನದ ಲೆಕ್ಕದಲ್ಲಿ ಅದು ದಿನಕ್ಕೆ 39 ಸೆಂಟಿಮೀಟರ್. ನಮ್ಮ ಗಸಗಸೆ ಕಾಳು ದಿನಕ್ಕೆ 17 ಸೆಂಟಿಮೀಟರ್. ವಾರಕ್ಕೊಂದು ಕಡ್ಡಿ ನೆಟ್ಟು ಎರಡೂ ಎಲ್ಲೆಲ್ಲಿ ಇರುತ್ತವೆ ಅಂತ ಗುರುತು ಹಾಕಿದೆವು.

ಹಗ್ಗ ಸೂರ್ಯನ ಪಕ್ಕ ಎಷ್ಟು ಬಾಗುತ್ತದೆ? ಹೆಚ್ಚುಕಡಿಮೆ 19 ಡಿಗ್ರಿ. ನೋಡಿದರೆ ನೇರ ಗೆರೆಯೇ ಅನ್ನಿಸುತ್ತದೆ. ಇದನ್ನು ಅಳೆಯಲು ಉತ್ಕೇಂದ್ರತೆ ಅನ್ನುವ ಸಂಖ್ಯೆ ಇದೆ. ವೃತ್ತಕ್ಕೆ ಸೊನ್ನೆ, ಒಂದಕ್ಕಿಂತ ಕಡಿಮೆ ಇದ್ದರೆ ಸುತ್ತುವ ಕಾಯ, ಒಂದು ದಾಟಿದರೆ ಬಿಟ್ಟು ಹೋಗುವ ಕಾಯ. ಅಟ್ಲಾಸ್‌ನದು 6.14. ಈ ಮೊದಲು ಸೌರವ್ಯೂಹದ ಹೊರಗಿನಿಂದ ಬಂದದ್ದು ಕಂಡ ಎರಡು ಕಾಯಗಳಲ್ಲಿ 2017ರ ಓಮುವಾಮುವಾದ್ದು 1.20, 2019ರ ಬೋರಿಸೋವ್‌ನದು 3.36. ಬೇರೆ ಬಣ್ಣದ ಹಗ್ಗದಲ್ಲಿ ಓಮುವಾಮುವಾದ ದಾರಿಯನ್ನೂ ಹಾಕಿದೆವು. ಅದು ಸೂರ್ಯನ ತೀರ ಹತ್ತಿರ ಬಂದು ಚೂಪಾಗಿ ತಿರುಗಿ ಹೋಗಿತ್ತು. ಅದರ ನಿಜವಾದ ದಾರಿ ಮೇಲಿನಿಂದ ಇಳಿದದ್ದು, ನೆಲದ ಮೇಲೆ ಆಕಾರ ಮಾತ್ರ ತೋರಿಸಬಹುದು.

ಡಿಸೆಂಬರ್ 19ರ ಕಡ್ಡಿ ನೆಟ್ಟಾಗ ಅದಕ್ಕೂ ಗಸಗಸೆ ಕಾಳಿಗೂ ನಡುವೆ 18 ಮೀಟರ್ ಇತ್ತು. ಚಂದ್ರ ಎರಡೂವರೆ ಸೆಂಟಿಮೀಟರ್, ಇದು 18 ಮೀಟರ್. ಮಕ್ಕಳು ಮಧ್ಯದಲ್ಲಿ ನಿಂತು ಆಚೆ ಈಚೆ ನೋಡಿದರು. ನಿಜ ಲೆಕ್ಕದಲ್ಲಿ ಸುಮಾರು 27 ಕೋಟಿ ಕಿ.ಮೀ. ‘ಅತಿ ಹತ್ತಿರ’ ಅಂತ ಎಲ್ಲ ಕಡೆ ಬರೆದ ಆ ದಿನ ಅದು ನಮಗೆ ಸೂರ್ಯನಿಗಿಂತಲೂ ದೂರ ಇರುತ್ತದೆ! ಚಂದ್ರನಿಗಿಂತ 700 ಪಟ್ಟು ದೂರ.

ಅಟ್ಲಾಸ್ ಬೇಕಂತಲೇ ಸೂರ್ಯನ ಹಿಂದೆ ಅಡಗಿಕೊಂಡಿತ್ತು ಅನ್ನುವ ಆರೋಪವೂ ಇಲ್ಲೇ ಬಗೆಹರಿಯಿತು. ಅಕ್ಟೋಬರ್ ಕೊನೆಯ ಕಡ್ಡಿಯ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿ, ಭೂಮಿಯ ಜಾಗದಿಂದ ನೋಡಿ ಅಂದೆ. ಸೂರ್ಯನ ಚೆಂಡು ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ಅವನಿಗಿಂತ ಈಚೆ ಇತ್ತು. ನಾವು ಆ ಬದಿಯಲ್ಲಿ ಇರಲಿಲ್ಲ, ಅಷ್ಟೇ.

“ಆ 18 ಮೀಟರ್ ಅವರು ಹೇಳಿದ್ದಲ್ವಾ? ನಾವು ಅಳೆದದ್ದಲ್ಲವಲ್ಲ” ಅಂತ ಒಬ್ಬ ಕೇಳಿದ. ಹೌದು, ಜಾಗಗಳ ಪಟ್ಟಿಯನ್ನು ನಾವು ಪ್ರಕಟವಾದ ಲೆಕ್ಕದಿಂದ ತೆಗೆದುಕೊಂಡಿದ್ದೆವು. ಆದರೆ ಅದು ಒಬ್ಬರ ಕೈಯಲ್ಲಿರುವ ಲೆಕ್ಕವಲ್ಲ. ಎಷ್ಟೋ ದೇಶಗಳ ವೀಕ್ಷಣಾಲಯಗಳು, ಹವ್ಯಾಸಿಗಳೂ ಸೇರಿ, ಅದರ ಜಾಗವನ್ನು ಅಳೆದು ಕಳಿಸುತ್ತಾರೆ. ಕಂಡ ಮೇಲೆ ಹಿಂದಿನ ಫೋಟೋಗಳನ್ನು ತೆಗೆದು ಹುಡುಕಿದಾಗ ಜೂನ್ ತಿಂಗಳ ಚಿತ್ರಗಳಲ್ಲೂ ಅದು ಸಿಕ್ಕಿತ್ತು. ಮಂಗಳನ ಬಳಿಯಿದ್ದ ಯುರೋಪಿನ ನೌಕೆ ಬೇರೆ ಕೋನದಿಂದ ನೋಡಿದ್ದರಿಂದ ದಾರಿಯ ನಿಖರತೆ ಹತ್ತು ಪಟ್ಟು ಹೆಚ್ಚಿತು. ನವೆಂಬರ್ 27ರಿಂದ ಎರಡು ತಿಂಗಳು ಧೂಮಕೇತುವಿನ ಜಾಗವನ್ನು ಇನ್ನೂ ಕರಾರುವಾಕ್ಕಾಗಿ ಅಳೆಯುವ ಅಂತರರಾಷ್ಟ್ರೀಯ ಅಭ್ಯಾಸವೂ ನಡೆಯಿತು. ವಿಡಿಯೋದವರು ಅದನ್ನೇ ‘ಭೂಮಿಯ ರಕ್ಷಣಾ ಪಡೆ ಸಜ್ಜಾಗಿದೆ’ ಅಂತ ಹೇಳಿದ್ದರು.

ಭಾರತದವರೂ ನೋಡಿದ್ದರು. ರಾಜಸ್ಥಾನದ ಅಬು ಪರ್ವತದ ಗುರುಶಿಖರದಲ್ಲಿರುವ ಭೌತ ಸಂಶೋಧನಾ ಪ್ರಯೋಗಾಲಯದ 1.2 ಮೀಟರ್ ದೂರದರ್ಶಕ ನವೆಂಬರ್ ಮಧ್ಯದಲ್ಲಿ ಅದರ ಚಿತ್ರ ತೆಗೆಯಿತು. ಬೆಳಕನ್ನು ಒಡೆದು ನೋಡಿದಾಗ ಸೈನೋಜೆನ್ ಮತ್ತು ಇಂಗಾಲದ ಅಣುಗಳ ಗುರುತು ಸಿಕ್ಕಿತು. ನಮ್ಮ ಧೂಮಕೇತುಗಳಲ್ಲಿ ಸಿಗುವ ಗುರುತುಗಳೇ ಇವು. ಈ ಒಂದು ಸುದ್ದಿ ಊರಲ್ಲಿ ನಾಸಾದ ಹೇಳಿಕೆಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಂದಾಜು.

ಗುರುವನ್ನು ತೋರಿಸಿದ ವಿಡಿಯೋ

ಡಿಸೆಂಬರ್ ಮೊದಲ ವಾರ ಇನ್ನೊಂದು ತಿರುವು ಬಂತು. ಊರಿನ ಯುವಕನೊಬ್ಬ ರಾತ್ರಿ ಪೂರ್ವದಲ್ಲಿ ಏರುವ ದೊಡ್ಡ ಹೊಳೆಯುವ ಚುಕ್ಕಿಯ ವಿಡಿಯೋ ಮಾಡಿ ‘ಅಟ್ಲಾಸ್ ನಮ್ಮ ಊರಿಂದಲೇ ಕಾಣ್ತಿದೆ’ ಅಂತ ಸ್ಟೇಟಸ್ ಹಾಕಿದ. ಅದು ಗುರು ಗ್ರಹ. ಮಿಥುನ ರಾಶಿಯಲ್ಲಿತ್ತು. ಆ ತಿಂಗಳು ರಾತ್ರಿ ಆಕಾಶದಲ್ಲಿ ಚಂದ್ರನನ್ನು ಬಿಟ್ಟರೆ ಅದರಷ್ಟು ಹೊಳೆಯುವುದು ಬೇರೆ ಇರಲಿಲ್ಲ.

ಅಟ್ಲಾಸ್ ಬರಿಗಣ್ಣಿಗೆ ಯಾವಾಗಲೂ ಕಾಣಲಿಲ್ಲ. ಕಣ್ಣಿಗೆ ಸಿಗುವ ಅತಿ ಮಸುಕು ನಕ್ಷತ್ರಕ್ಕಿಂತ ಹತ್ತಾರು ಪಟ್ಟು ಮಸುಕಾಗಿತ್ತು. ಒಳ್ಳೆಯ ದೂರದರ್ಶಕ ಬೇಕು, ಅದರಲ್ಲೂ ಕಾಣೋದು ಒಂದು ಬೂದಿ ಬಣ್ಣದ ಮಬ್ಬು. ಮಕ್ಕಳಿಗೆ ಇದನ್ನು ಹೇಳೋದು ಕಷ್ಟವಾಯಿತು. ಇಷ್ಟು ದಿನ ಅದರ ಹಿಂದೆ ಬಿದ್ದು ಕೊನೆಗೆ ನೋಡಲಾಗಲ್ಲ ಅಂದರೆ ಯಾರಿಗಾದರೂ ಬೇಜಾರಾಗುತ್ತದೆ. ಬದಲಿಗೆ ಒಂದು ಸಂಜೆ ಊಟ ಮುಗಿಸಿ ಮೈದಾನಕ್ಕೆ ಬನ್ನಿ ಅಂದೆವು. ದುರ್ಬೀನಿನಲ್ಲಿ ಗುರುವನ್ನು ತೋರಿಸಿದೆವು. ಕೈ ಅಲುಗದಂತೆ ಕಂಬಕ್ಕೆ ಒರಗಿಸಿ ಹಿಡಿದರೆ ಅದರ ಪಕ್ಕ ಸಾಲಾಗಿ ಸಣ್ಣ ಚುಕ್ಕಿಗಳು ಕಾಣುತ್ತವೆ, ಗುರುವಿನ ಚಂದ್ರಗಳು. ವಿಡಿಯೋ ಹಾಕಿದ ಯುವಕನೂ ಬಂದಿದ್ದ. ಅವನನ್ನು ಯಾರೂ ಛೇಡಿಸಲಿಲ್ಲ. ಅವನೇ ಆ ವಿಡಿಯೋ ತೆಗೆದು, ಗುರು ಅಂತ ಬರೆದು ಹೊಸದು ಹಾಕಿದ. ಊರಿನ ಮಟ್ಟಿಗೆ ಅದು ದೊಡ್ಡ ಸಹಾಯವಾಯಿತು.

ಅಜ್ಜನೂ ಬಂದಿದ್ದರು. ಮೊಮ್ಮಗಳು ಹಗ್ಗ, ಕಡ್ಡಿಗಳನ್ನು ಬ್ಯಾಟರಿ ಬೆಳಕಲ್ಲಿ ತೋರಿಸಿ, 42ರ ಲೆಕ್ಕವನ್ನು ತನ್ನ ಮಾತಲ್ಲಿ ಹೇಳಿದಳು. ವರ್ಗಮೂಲ ಅವರಿಗೆ ಬೇಕಿರಲಿಲ್ಲ. ಹಗ್ಗ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಪೂರ್ತಿ ನಡೆದು ನೋಡಿದರು. 18 ಮೀಟರ್ ಇರುವ ಜಾಗದಲ್ಲಿ ನಿಂತು “ಇದ ಏನು ಹತ್ತಿರ ಅನ್ನೂದು?” ಅಂದರು. ಆಮೇಲೆ ಓಮುವಾಮುವಾದ ಹಗ್ಗ ತೋರಿಸಿ ಇದು ಯಾವುದು ಅಂತ ಕೇಳಿದರು.

ಅದರ ಕಥೆ ಈ ಪ್ರಕರಣಕ್ಕೆ ನೇರವಾಗಿ ಬೇಕಾದದ್ದು. 2017ರ ಅಕ್ಟೋಬರ್ 14ರಂದು ಓಮುವಾಮುವಾ ಭೂಮಿಯಿಂದ ಸುಮಾರು 2 ಕೋಟಿ 40 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಅಟ್ಲಾಸ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಹತ್ತಿರ. ಅವತ್ತು ಯಾರೂ ಹೆದರಲಿಲ್ಲ, ಯಾಕಂದರೆ ಯಾರಿಗೂ ಗೊತ್ತಿರಲಿಲ್ಲ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳಲ್ಲಿ ರಾಬರ್ಟ್ ವೆರಿಕ್ ಅದನ್ನು ಕಂಡದ್ದು ಐದು ದಿನದ ಮೇಲೆ, 19ರಂದು. ಎರಡನೆಯದನ್ನು 2019ರ ಆಗಸ್ಟ್ 30ರಂದು ಕಂಡವರು ಕ್ರೈಮಿಯಾದ ಹವ್ಯಾಸಿ ಗೆನ್ನಡಿ ಬೋರಿಸೋವ್, ತಾವೇ ಮಾಡಿಕೊಂಡ ದೂರದರ್ಶಕದಲ್ಲಿ. ಇಂಥ ಕಾಯಗಳು ಮೊದಲೂ ಬರುತ್ತಿದ್ದವು, ಹೋಗುತ್ತಿದ್ದವು. ನೋಡುವ ಕಣ್ಣು ನಮಗೆ ಈಗ ಬಂದಿದೆ. ಅಜ್ಜ ಇದನ್ನು ಕೇಳಿ “ಹಂಗಾರ ಚರಗಕ್ಕ ಹೋಗೂಣು” ಅಂದರು.

ಡಿಸೆಂಬರ್ 19

ಅವತ್ತು ಶುಕ್ರವಾರ. ಹಬ್ಬ ಅಂದರೆ ತರಗತಿ ಅರ್ಧ ಖಾಲಿ, ಅದು ಪ್ರತಿ ವರ್ಷದ ಮಾತು. ಮಧ್ಯಾಹ್ನ ನಾನೂ ಅಜ್ಜನ ಹೊಲಕ್ಕೆ ಹೋದೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಾನು ಗಮನಿಸಿದಂತೆ, ಬರೋದಿಲ್ಲ ಅಂದಿದ್ದ ಮನೆಗಳಲ್ಲಿ ಒಂದನ್ನು ಬಿಟ್ಟು ಉಳಿದವು ಹೊಲದಲ್ಲಿದ್ದವು. ಆ ಒಂದು ಮನೆಯವರು ಬೆಳಿಗ್ಗೆ ಬೇಗ ಹೋಗಿ ಚರಗ ಚೆಲ್ಲಿ ವಾಪಸ್ ಬಂದಿದ್ದರು, ಮಕ್ಕಳನ್ನು ಕರೆದೊಯ್ದಿರಲಿಲ್ಲ. ಎಲ್ಲರ ಮನಸ್ಸೂ ಬದಲಾಯಿತು ಅಂತ ಬರೆದರೆ ಅದು ಸುಳ್ಳಾಗುತ್ತದೆ.

ಹಿಂದಿನ ದಿನ, 18ರಂದು, ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕ ಧೂಮಕೇತುವಿನ ಕಡೆ ತಿರುಗಿತ್ತು. ಯಾರಾದರೂ ಕಳಿಸುವ ಕೃತಕ ಸಂಕೇತ ಇದೆಯಾ ಅಂತ ಹುಡುಕಿದ್ದರು. ಅಂಥದ್ದು ಯಾವುದೂ ಸಿಗಲಿಲ್ಲ. ರಜೆಯ ನಂತರ ತರಗತಿಯಲ್ಲಿ ಇದನ್ನು ಹೇಳಿದೆ. ವಿಜ್ಞಾನಿಗಳು ಏಲಿಯನ್ ಅನ್ನುವ ಮಾತು ಕೇಳಿ ನಕ್ಕು ಬಿಡಲಿಲ್ಲ, ಹೋಗಿ ನೋಡಿದರು ಅನ್ನೋದು ಮಕ್ಕಳಿಗೆ ಇಷ್ಟವಾಯಿತು.

ಮಕ್ಕಳು ಕೇಳಿದ ಉಳಿದ ಪ್ರಶ್ನೆಗಳು

ಹೆದರಿಕೆ ಇಳಿದ ಮೇಲೆ ನಿಜವಾದ ಕುತೂಹಲ ಶುರುವಾಯಿತು. ಇದು ಎಷ್ಟು ದೊಡ್ಡದು? ಜುಲೈ 21ರ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರದ ಪ್ರಕಾರ ಒಳಗಿನ ಗಟ್ಟಿ ಭಾಗದ ಅಡ್ಡಳತೆ 440 ಮೀಟರ್‌ಗಿಂತ ಕಡಿಮೆ ಇಲ್ಲ, 5.6 ಕಿ.ಮೀ.ಗಿಂತ ಜಾಸ್ತಿ ಇಲ್ಲ. ಏನಿದೆ ಅದರಲ್ಲಿ? ಜೇಮ್ಸ್ ವೆಬ್ ದೂರದರ್ಶಕ ಆಗಸ್ಟ್‌ನಲ್ಲಿ ನೋಡಿದಾಗ ನೀರಿನ ಹಬೆಗಿಂತ ಎಂಟು ಪಟ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತಿತ್ತು. ನಮ್ಮ ಧೂಮಕೇತುಗಳಲ್ಲಿ ಇಷ್ಟು ಇರೋದು ತುಂಬಾ ಅಪರೂಪ. ಅನಿಲ ಹೊರಗೆ ಚಿಮ್ಮುವಾಗ ಕಾಯವನ್ನು ಸ್ವಲ್ಪ ತಳ್ಳುತ್ತದೆ. ‘ದಾರಿ ಬದಲಿಸಿತು’ ಅಂತ ವಿಡಿಯೋಗಳು ಹೇಳಿದ್ದು ಈ ಸಣ್ಣ ತಳ್ಳುವಿಕೆಯನ್ನು. ಎಲ್ಲ ಧೂಮಕೇತುಗಳೂ ಹಾಗೆ ಮಾಡುತ್ತವೆ.

ಎಲ್ಲಿಂದ ಬಂತು ಅನ್ನೋದು ಎಲ್ಲರ ಪ್ರಶ್ನೆ. ಧನು ರಾಶಿಯ ದಿಕ್ಕಿನಿಂದ ಬಂದು ಮಿಥುನ ರಾಶಿಯ ದಿಕ್ಕಿಗೆ ಹೋಗುತ್ತಿದೆ. ಆದರೆ ಇದೇ ನಕ್ಷತ್ರದ್ದು ಅಂತ ಬೊಟ್ಟು ಮಾಡಿ ತೋರಿಸಲು ಆಗೋದಿಲ್ಲ. ನಕ್ಷತ್ರಗಳೆಲ್ಲ ಗ್ಯಾಲಕ್ಸಿಯಲ್ಲಿ ಓಡಾಡುತ್ತಿರುತ್ತವೆ, ಅವುಗಳ ಹತ್ತಿರ ಹಾದಾಗೆಲ್ಲ ಇದರ ದಾರಿ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬಂದಿದೆ. ಒಂದು ಅಂದಾಜಿನ ಪ್ರಕಾರ ಇದಕ್ಕೆ 700 ಕೋಟಿ ವರ್ಷ ದಾಟಿರಬಹುದು. ನಮ್ಮ ಸೂರ್ಯನಿಗೆ 460 ಕೋಟಿ. ಈ ಸಂಖ್ಯೆ ಹೇಳಿದಾಗ ತರಗತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸೂರ್ಯನ ಸೆಳೆತದಿಂದ ದೂರ ಹೋದ ಮೇಲೆ ಅದರ ವೇಗ ಸೆಕೆಂಡಿಗೆ 58 ಕಿ.ಮೀ. ಆ ವೇಗದಲ್ಲಿ ಒಂದು ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ) ಸಾಗಲು 5,000 ವರ್ಷಕ್ಕೂ ಹೆಚ್ಚು ಬೇಕು. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 22,000 ವರ್ಷದ ದಾರಿ. ನಮ್ಮ ಮೈದಾನದ ಅಳತೆಯಲ್ಲಿ ಆ ನಕ್ಷತ್ರ 2,680 ಕಿ.ಮೀ. ಆಚೆ, ಕುಷ್ಟಗಿಯಿಂದ ಹೊರಟು ಕಾಶ್ಮೀರ ದಾಟಿ ಇನ್ನೂ ಮುಂದೆ.

2026ರ ಮಾರ್ಚ್ 16ರಂದು ಅಟ್ಲಾಸ್ ಗುರುವಿನಿಂದ 5 ಕೋಟಿ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಹಾದುಹೋಯಿತು. ಆ ಕಡ್ಡಿ ಕಾಂಪೌಂಡ್ ಆಚೆ ಹೊಲದಲ್ಲಿ ನೆಡಬೇಕಾಗಿತ್ತು. ಹೊಲದವರನ್ನು ಕೇಳಿ, ಕಡಲೆ ಕಿತ್ತು ಖಾಲಿಯಾಗಿದ್ದ ಜಾಗದಲ್ಲಿ ನೆಟ್ಟೆವು.

ಒಬ್ಬಳು ಕೇಳಿದ ಪ್ರಶ್ನೆ ಇನ್ನೂ ತರಗತಿಯಲ್ಲಿ ನಡೆಯುತ್ತಿದೆ. ಇಂಥದ್ದು ಬಂದಾಗ ನಾವೇ ಹತ್ತಿರ ಹೋಗಿ ನೋಡಬಹುದಲ್ವಾ? ಕಂಡ ಮೇಲೆ ನೌಕೆ ಕಟ್ಟಿ ಕಳಿಸಲು ಸಮಯ ಸಾಲದು. ಜುಲೈ 1ಕ್ಕೆ ಕಂಡದ್ದು ಅಕ್ಟೋಬರ್ 29ಕ್ಕೆ ಸೂರ್ಯನನ್ನು ದಾಟಿ ಹೊರಟಿತ್ತು. ಅದಕ್ಕೇ ಯುರೋಪ್ ಮತ್ತು ಜಪಾನ್ ಸೇರಿ ಕಾಮೆಟ್ ಇಂಟರ್‌ಸೆಪ್ಟರ್ ಅನ್ನುವ ನೌಕೆ ಮಾಡುತ್ತಿವೆ. ಅದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಮೊದಲೇ ಹೋಗಿ ಕಾಯುತ್ತದೆ. ಹೊಸ ಧೂಮಕೇತು ಸರಿಯಾದ ದಾರಿಯಲ್ಲಿ ಬಂದರೆ ಅಲ್ಲಿಂದ ಹೊರಡುತ್ತದೆ. ಹುಡುಕುವ ಕೆಲಸಕ್ಕೆ ಚಿಲಿಯಲ್ಲಿ 8.4 ಮೀಟರ್ ಕನ್ನಡಿಯ ವೆರಾ ರೂಬಿನ್ ವೀಕ್ಷಣಾಲಯ ಬಂದಿದೆ, 2025ರ ಜೂನ್‌ನಲ್ಲಿ ಮೊದಲ ಚಿತ್ರ ಹೊರಬಿಟ್ಟಿದೆ. ಹೊರಗಿನಿಂದ ಬರುವ ನಾಲ್ಕನೆಯದು ಕಂಡಾಗ ಹಾಕಲು 42ರ ಲೆಕ್ಕವನ್ನು ಈ ವರ್ಷದ ಒಂಬತ್ತನೇ ತರಗತಿಗೂ ಹೇಳಿಕೊಡುತ್ತಿದ್ದೇವೆ. ಹೇಳಿಕೊಡುತ್ತಿರುವವರು ಕಳೆದ ವರ್ಷದ ಮಕ್ಕಳು.